ಓದುಗರ ಪ್ರಶ್ನೆ: ಉಸಿರು ಮರಳಿಸುವ ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಕಳೆದ ತಿಂಗಳ ಅಂಕಣದಲ್ಲಿ ನೋವಿನ ಮಾತ್ರೆಗಳನ್ನು ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಮಾರ್ಫಿನ್‌ನಂಥ ಔಷಧದ ಪ್ರಮಾಣ ಮಿತಿಮೀರಿ ಉಸಿರು ನಿಲ್ಲುವ ಹಂತ ತಲುಪಿದವರನ್ನು ನಲಾಕ್ಸೋನ್ ಎಂಬ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಬದುಕಿಸಬಲ್ಲದು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ವಾಕ್ಯ ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗಳು, ಮಗನ ಚಟಕ್ಕೆ ಹೆದರಿ ರಾತ್ರಿಯೆಲ್ಲ ಎಚ್ಚರವಿರುವ ತಾಯಿ, ಪಿಜಿಯಲ್ಲಿ ಇರುವ ವಿದ್ಯಾರ್ಥಿ, ಔಷಧ ಅಂಗಡಿ ನಡೆಸುವವರು, ಹೀಗೆ ಬೇರೆ ಬೇರೆ ಕಡೆಯಿಂದ ಬಂದರೂ ಪ್ರಶ್ನೆಯ ತಿರುಳು ಒಂದೇ: ಆ ಔಷಧವನ್ನು ಕಾನೂನುಬದ್ಧವಾಗಿ ಪಡೆದು ಕೈಗೆಟುಕುವಂತೆ ಇಟ್ಟುಕೊಳ್ಳಲು ನಮಗೆ ಸಾಧ್ಯವೇ? ಔಷಧ ಪರಿವೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದ ನಾನು ಕಾನೂನಿನ ಭಾಗವನ್ನು ನನ್ನ ತಿಳಿವಳಿಕೆಯಿಂದಲೇ ಬರೆದಿದ್ದೇನೆ. ವೈದ್ಯಕೀಯ ವಿವರಗಳನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ ಮಿತ್ರರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡಿದ್ದೇನೆ. ಪತ್ರ ಬರೆದ ಯಾರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ಅಮ್ಮನಿಗೆ 71 ವರ್ಷ, ಕ್ಯಾನ್ಸರ್ ಮೂಳೆಗೆ ಹರಡಿದೆ. ಇಷ್ಟು ದಿನ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೆವು, ಈಗ ಅದರ ಬದಲು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಬರೆದುಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಬರುವಾಗ ಎರಡು ತರುತ್ತೇನೆ ಎನ್ನುತ್ತಾನೆ. ಇಲ್ಲಿ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿದೆ, ಮೂವರಿಗೆ ಹೆಸರೇ ಗೊತ್ತಿರಲಿಲ್ಲ, ನಾಲ್ಕನೆಯವರು ಅದು ಡ್ರಗ್ಸ್ ಸಂಬಂಧದ್ದು, ನಮಗೆ ಬೇಡ ಎಂದರು. ತಮ್ಮ ತಂದರೆ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುತ್ತದೆಯೇ? — ಜಯನಗರದ ಓದುಗರು

ಉತ್ತರ: ಆ ನಾಲ್ಕನೆಯ ಅಂಗಡಿಯವರ ಮಾತಿನಲ್ಲಿರುವ ತಪ್ಪು ತಿಳಿವಳಿಕೆಯನ್ನು ಮೊದಲು ಸರಿಪಡಿಸಬೇಕು, ಏಕೆಂದರೆ ಅರ್ಧ ತೊಡಕು ಅಲ್ಲಿಯೇ ಇದೆ. ನಲಾಕ್ಸೋನ್ ಮಾದಕ ವಸ್ತುವಲ್ಲ. ಮಾರ್ಫಿನ್, ಫೆಂಟನಿಲ್, ಹೆರಾಯಿನ್ ಮುಂತಾದ ಅಫೀಮು ವರ್ಗದ ಔಷಧಗಳು ಮಿದುಳಿನಲ್ಲಿ ಕೂರುವ ಜಾಗದಿಂದ ಅವುಗಳನ್ನು ಎಬ್ಬಿಸಿ, ತಾನು ಕುಳಿತು, ನಿಧಾನವಾಗಿದ್ದ ಉಸಿರಾಟವನ್ನು ಮತ್ತೆ ನಡೆಸುವುದಷ್ಟೇ ಅದರ ಕೆಲಸ. ಅದರಿಂದ ಅಮಲೂ ಏರುವುದಿಲ್ಲ, ಚಟವೂ ಹತ್ತುವುದಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಮಾರ್ಫಿನ್‌ಗೆ ಅನ್ವಯಿಸುತ್ತದೆಯೇ ಹೊರತು ಅದನ್ನು ತಡೆಯುವ ನಲಾಕ್ಸೋನ್‌ಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 1983ರಿಂದಲೂ ಅದನ್ನು ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ದೇಶದ 2022ರ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ, ವಿಷಕ್ಕೆ ಪ್ರತಿಮದ್ದುಗಳ ಭಾಗದಲ್ಲಿ, ಮಿಲಿಲೀಟರಿಗೆ 0.4 ಮಿಲಿಗ್ರಾಂ ಬಲದ ಚುಚ್ಚುಮದ್ದಾಗಿ ಅದರ ಹೆಸರಿದೆ.

ಆದ್ದರಿಂದ ನೀವು ಅಮೆರಿಕದ ಕಡೆ ನೋಡುವ ಮೊದಲು ಅಮ್ಮನಿಗೆ ಪಟ್ಟಿ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಇಲ್ಲಿ ನಲಾಕ್ಸೋನನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬಹುದು. 1945ರ ಔಷಧ ನಿಯಮಗಳ 65ನೆಯ ನಿಯಮದ ಪ್ರಕಾರ ಆ ಚೀಟಿಯಲ್ಲಿ ವೈದ್ಯರ ಸಹಿ ಮತ್ತು ದಿನಾಂಕ, ಯಾರ ಚಿಕಿತ್ಸೆಗಾಗಿ ಬರೆದದ್ದೋ ಅವರ ಹೆಸರು ಮತ್ತು ವಿಳಾಸ, ಔಷಧದ ಒಟ್ಟು ಪ್ರಮಾಣ ಮತ್ತು ಕೊಡಬೇಕಾದ ಅಳತೆ ಇರಬೇಕು. ಹೆಸರು ಅಮ್ಮನದಾಗಿರಬೇಕು, ಆದರೆ ಅಂಗಡಿಗೆ ಅಮ್ಮನೇ ಬರಬೇಕೆಂದು ಎಲ್ಲಿಯೂ ಹೇಳಿಲ್ಲ. ನೀವು ಹೋಗಿ ತರಬಹುದು. ಮೂಲೆ ಅಂಗಡಿಗಳಲ್ಲಿ ಅದು ಸಿಗದಿರುವುದಕ್ಕೆ ಕಾರಣ ನಿಷೇಧವಲ್ಲ, ಯಾರೂ ಕೇಳದಿರುವುದು. ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ಬಳಸುವ ಔಷಧವಾದ್ದರಿಂದ ದೊಡ್ಡ ಆಸ್ಪತ್ರೆಗಳ ಒಳಗಿನ ಔಷಧಾಲಯಗಳಲ್ಲಿ ವಿಚಾರಿಸಿದರೆ ಸಿಗುವ ಸಾಧ್ಯತೆ ಹೆಚ್ಚು. ಇಲ್ಲವೇ ನಿಮ್ಮ ಪರಿಚಯದ ಅಂಗಡಿಯವರಿಗೆ ಚೀಟಿ ತೋರಿಸಿ, ಸಗಟು ವ್ಯಾಪಾರಿಯಿಂದ ತರಿಸಿಕೊಡಲು ಹೇಳಿ.

ಇನ್ನು ನಿಮ್ಮ ತಮ್ಮನ ವಿಷಯ. ಅಮೆರಿಕದಲ್ಲಿ 4 ಮಿಲಿಗ್ರಾಮಿನ ಮೂಗಿನ ಸಿಂಪಡಣೆಯನ್ನು ಚೀಟಿಯಿಲ್ಲದೆ ಮಾರಲು 2023ರ ಮಾರ್ಚ್‌ನಲ್ಲಿ ಅನುಮತಿ ಕೊಟ್ಟರು, ಅವರು ಹೇಳಿದ್ದು ಸರಿ. ನಮ್ಮ ಔಷಧ ನಿಯಮಗಳ 36ನೆಯ ನಿಯಮ, ಪ್ರಯಾಣಿಕರು ತಮ್ಮ ಸಾಮಾನಿನ ಜೊತೆ ಸ್ವಂತ ಬಳಕೆಯ ಔಷಧ ತರಲು ಅವಕಾಶ ಕೊಡುತ್ತದೆ. ಸುಂಕದ ಅಧಿಕಾರಿಗಳು ಕೇಳಿದರೆ ಹೇಳಿಕೊಳ್ಳಬೇಕು, ಒಂದೊಂದು ಔಷಧವೂ ಸರಾಸರಿ 100 ಹೊತ್ತಿನ ಪ್ರಮಾಣವನ್ನು ಮೀರಬಾರದು. ಆದರೆ ಆ ನಿಯಮದ ಮಾತುಗಳನ್ನು ಗಮನವಿಟ್ಟು ಓದಬೇಕು: ಔಷಧ ಆ ಪ್ರಯಾಣಿಕರದ್ದೇ ಆಗಿರಬೇಕು, ಅವರ ಸ್ವಂತ ಬಳಕೆಗೇ ಮೀಸಲಾಗಿರಬೇಕು. ಅಮ್ಮನಿಗಾಗಿ ಮಗ ತರುವುದು ಈ ಮಾತಿನ ಒಳಗೆ ಸರಿಯಾಗಿ ಕೂರುವುದಿಲ್ಲ. ನೇರವಾದ ದಾರಿ ಇನ್ನೊಂದಿದೆ. ರೋಗಿಯ ಹೆಸರಿನಲ್ಲಿ, ವೈದ್ಯರ ಚೀಟಿಯ ಸಹಿತ, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ 12ಎ ನಮೂನೆಯಲ್ಲಿ ಅರ್ಜಿ ಹಾಕಿದರೆ 12ಬಿ ನಮೂನೆಯ ಪರವಾನಗಿ ಸಿಗುತ್ತದೆ. ಎರಡು ಸಿಂಪಡಣೆಗಾಗಿ ಇಷ್ಟೆಲ್ಲ ಮಾಡಬೇಕೇ ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯ ಚುಚ್ಚುಮದ್ದನ್ನೇ ಮೊದಲು ಪ್ರಯತ್ನಿಸಿ ಎಂದು ನಾನು ಹೇಳುತ್ತಿರುವುದು ಅದಕ್ಕಾಗಿಯೇ.

ಕಾನೂನಿಗಿಂತ ಮುಖ್ಯವಾದ ಮಾತೊಂದು ಉಳಿದಿದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ವರ್ಗದ ಔಷಧದ ಮೇಲೆಯೇ ನಿಂತಿರುವವರಿಗೆ ನಲಾಕ್ಸೋನನ್ನು ಒಮ್ಮೆಲೇ ಪೂರ್ತಿ ಕೊಟ್ಟರೆ ಉಸಿರಿನ ಜೊತೆ ತಡೆದಿಟ್ಟಿದ್ದ ನೋವೆಲ್ಲ ಒಂದೇ ಸಲ ಮರಳುತ್ತದೆ. ಉಪಶಾಮಕ ಚಿಕಿತ್ಸೆಯ ವೈದ್ಯರು ಅದನ್ನು ಲವಣಜಲದಲ್ಲಿ ತೆಳುವಾಗಿಸಿ, ಉಸಿರಾಟ ಸುಧಾರಿಸುವಷ್ಟು ಮಾತ್ರ, ಸ್ವಲ್ಪಸ್ವಲ್ಪವಾಗಿ ಕೊಡುವುದು ಇದಕ್ಕಾಗಿಯೇ. ಆದ್ದರಿಂದ ಚೀಟಿಯ ಜೊತೆಗೆ, ಯಾವ ಲಕ್ಷಣ ಕಂಡಾಗ, ಎಷ್ಟು, ಹೇಗೆ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ; ಚುಚ್ಚುವುದನ್ನು ಅವರ ದಾದಿಯರಿಂದ ಕಲಿಯಿರಿ. ಅಮ್ಮ ಹೆಚ್ಚು ನಿದ್ದೆ ಮಾಡುತ್ತಿದ್ದಾರೆ, ಕರೆದರೆ ಕಣ್ಣು ಬಿಡುತ್ತಾರೆ ಎಂದಾದರೆ ಅದು ನಲಾಕ್ಸೋನ್ ಕೊಡುವ ಸಂದರ್ಭವಲ್ಲ, ವೈದ್ಯರಿಗೆ ಫೋನ್ ಮಾಡುವ ಸಂದರ್ಭ. ಪಟ್ಟಿ ಅಂಟಿಸಿದ ಜಾಗಕ್ಕೆ ಬಿಸಿನೀರಿನ ಚೀಲವನ್ನಾಗಲಿ ಕಾವನ್ನಾಗಲಿ ಕೊಡಬೇಡಿ, ಕಾವಿಗೆ ಔಷಧ ಬೇಗ ಒಳಗೆ ಇಳಿಯುತ್ತದೆ. ತುರ್ತು ಬಂದರೆ ಪಟ್ಟಿಯನ್ನು ಮೊದಲು ಕಿತ್ತುಹಾಕಿ. ಕಿತ್ತ ಮೇಲೂ ಚರ್ಮದೊಳಗೆ ಸೇರಿದ ಫೆಂಟನಿಲ್ ಬಹಳ ಹೊತ್ತು ರಕ್ತಕ್ಕೆ ಸೇರುತ್ತಲೇ ಇರುತ್ತದೆ, ನಲಾಕ್ಸೋನ್‌ನ ಪ್ರಭಾವವಾದರೋ 30ರಿಂದ 90 ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಎಚ್ಚರವಾದರೆಂದು ಮನೆಯಲ್ಲಿ ಉಳಿಯದೆ ಆಸ್ಪತ್ರೆಗೆ ಹೋಗಲೇಬೇಕು.

ಇದನ್ನೆಲ್ಲ ಓದಿ ಭಯಪಟ್ಟು ಅಮ್ಮನ ನೋವಿನ ಔಷಧವನ್ನು ಮಾತ್ರ ದಯವಿಟ್ಟು ಕಡಿಮೆ ಮಾಡಬೇಡಿ. ಹೇಳಿದಂತೆ ಕೊಟ್ಟ ಮಾರ್ಫಿನ್ ಸುರಕ್ಷಿತ ಔಷಧ. ಈ ದೇಶದಲ್ಲಿ ಅದು ಅತಿಯಾಗಿ ಸಿಕ್ಕಿದ್ದಕ್ಕಿಂತ, ಸಿಗದೆ ನರಳಿದವರೇ ಹೆಚ್ಚು. 2014ರ ತಿದ್ದುಪಡಿಯಲ್ಲಿ ಮಾರ್ಫಿನ್, ಫೆಂಟನಿಲ್ ಮುಂತಾದವುಗಳನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಬೇರೆಯಾಗಿ ಗುರುತಿಸಿ ನಿಯಮ ಸಡಿಲಿಸಿದ್ದು ಆ ನರಳಾಟವನ್ನು ಕಂಡೇ. ಮನೆಯಲ್ಲಿ ನಿಭಾಯಿಸುವುದು ಕಷ್ಟವಾದರೆ ಕಿದ್ವಾಯಿ ಸಂಸ್ಥೆಯ ಉಪಶಾಮಕ ವಿಭಾಗವಿದೆ, ಹಣ ಪಡೆಯದೆ ಆರೈಕೆ ಮಾಡುವ ಕರುಣಾಶ್ರಯವಿದೆ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಕಾಲೇಜಿನಲ್ಲಿದ್ದಾಗ ನೋವಿನ ಮಾತ್ರೆಗಳ ಚಟ ಹತ್ತಿತು, ಆಮೇಲೆ ಬ್ರೌನ್ ಶುಗರ್. ಮೂರು ತಿಂಗಳಿನಿಂದ ವ್ಯಸನಮುಕ್ತಿ ಕೇಂದ್ರದಲ್ಲಿದ್ದಾನೆ, ಬರುವ ವಾರ ಮನೆಗೆ ಬರುತ್ತಾನೆ. ನಿಮ್ಮ ಅಂಕಣ ಓದಿ ನಮ್ಮ ಬೀದಿಯ ಡಾಕ್ಟರನ್ನು ಆ ಔಷಧ ಬರೆದುಕೊಡಿ ಎಂದು ಕೇಳಿದೆ. ನಿಮ್ಮ ಹೆಸರಿಗೆ ಬರೆಯಲು ಬರುವುದಿಲ್ಲ, ಮಗ ಬಂದು ತೋರಿಸಿಕೊಳ್ಳಲಿ ಎಂದರು. ಅವನು ಬರುವವನಲ್ಲ. ಬಂದರೂ ನಾನು ಅವನನ್ನು ನಂಬಿಲ್ಲ ಎಂದುಕೊಳ್ಳುತ್ತಾನೆ. ನಾನೇನು ಮಾಡಲಿ? — ಯಶವಂತಪುರದ ತಾಯಿ

ಉತ್ತರ: ಅಮ್ಮಾ, ನಿಮ್ಮ ಡಾಕ್ಟರು ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ, ನೀವು ಕೇಳಿದ್ದೂ ತಪ್ಪಲ್ಲ. ನಿಮ್ಮಿಬ್ಬರ ನಡುವೆ ಇರುವ ಆ ಸಂದಿನ ಬಗ್ಗೆ ಕೊನೆಗೆ ಹೇಳುತ್ತೇನೆ. ಮೊದಲು ಈ ವಾರದೊಳಗೆ ಆಗಬೇಕಾದ ಕೆಲಸ.

ಮಗ ಕೇಂದ್ರದಲ್ಲಿ ಇರುವವರೆಗೆ ಅವನು ಅಲ್ಲಿಯ ವೈದ್ಯರ ರೋಗಿ. ಅವರು ಅವನನ್ನು ಪರೀಕ್ಷಿಸಿದ್ದಾರೆ, ಅವನ ಕಡತ ಅವರಲ್ಲಿದೆ. ಬಿಡುಗಡೆಯ ಚೀಟಿ ಬರೆಯುವಾಗಲೇ, ಉಳಿದ ಔಷಧಗಳ ಜೊತೆ ನಲಾಕ್ಸೋನನ್ನೂ ಅವನ ಹೆಸರಿಗೆ ಬರೆಯುವಂತೆ ಕೇಳಿ. ಆ ಚೀಟಿಯನ್ನು ಹಿಡಿದು ನೀವೇ ಔಷಧ ತರಬಹುದು. ವೈದ್ಯರು ಬಯಸಿದರೆ ತಮ್ಮ ಸ್ವಂತ ರೋಗಿಗೆ ತಾವೇ ಔಷಧವನ್ನು ಕೊಡುವುದಕ್ಕೂ ಔಷಧ ನಿಯಮಗಳ 'ಕೆ' ಅನುಸೂಚಿಯಲ್ಲಿ ಅವಕಾಶವಿದೆ, ಅದಕ್ಕಾಗಿ ಅವರು ಅಂಗಡಿಯ ಪರವಾನಗಿ ಪಡೆಯಬೇಕಾಗಿಲ್ಲ. ಅಂಗಡಿ ತೆರೆದು ವ್ಯಾಪಾರ ಮಾಡಬಾರದು, ಅಷ್ಟೆ. ಇದು ಹಲವು ವೈದ್ಯರಿಗೇ ತಿಳಿದಿಲ್ಲ. ಆ ಕೇಂದ್ರದಲ್ಲಿ ನೋಂದಾಯಿತ ವೈದ್ಯರೇ ಇಲ್ಲ ಎಂದಾದರೆ, ಅಂಥ ಕಡೆಯೂ ಉಂಟು, ಮಗನನ್ನು ಮನೆಗೆ ಕರೆತರುವ ದಾರಿಯಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ತೋರಿಸಿ. ಅಫೀಮು ವರ್ಗದ ಚಟಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ವೈದ್ಯರ ಕಣ್ಣಳತೆಯಲ್ಲಿ ದೀರ್ಘಕಾಲ ಕೊಡುವ ಚಿಕಿತ್ಸೆಯಿದೆ. ಮತ್ತೆ ಬ್ರೌನ್ ಶುಗರ್‌ಗೆ ಜಾರುವುದನ್ನು ತಡೆಯಲು ಬರಿಯ ಸಂಕಲ್ಪಕ್ಕಿಂತ ಅದು ಹೆಚ್ಚು ನೆರವಾಗುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446 ವ್ಯಸನಮುಕ್ತಿಯ ಉಚಿತ ಸಹಾಯವಾಣಿ, 14416 ಟೆಲಿ ಮಾನಸ್. ಎರಡಕ್ಕೂ ನೀವೇ ಫೋನ್ ಮಾಡಬಹುದು, ಮಗನೇ ಮಾಡಬೇಕೆಂದಿಲ್ಲ.

ಈ ವಾರವೇ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಟದಲ್ಲಿದ್ದಾಗ ದೇಹ ಔಷಧಕ್ಕೆ ಒಗ್ಗಿಕೊಂಡಿರುತ್ತದೆ. ಮೂರು ತಿಂಗಳು ಬಿಟ್ಟರೆ ಆ ಒಗ್ಗುವಿಕೆ ಕಳೆದುಹೋಗುತ್ತದೆ. ಮನೆಗೆ ಬಂದವನು ಯಾವುದೋ ಒಂದು ದುರ್ಬಲ ಗಳಿಗೆಯಲ್ಲಿ ತನ್ನ ಹಳೆಯ ಅಳತೆಯನ್ನೇ ತೆಗೆದುಕೊಂಡರೆ, ಅಂದು ಅವನನ್ನು ಏನೂ ಮಾಡದ ಪ್ರಮಾಣ ಇಂದು ಉಸಿರು ನಿಲ್ಲಿಸಬಹುದು. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ಕೆಲವು ವಾರಗಳು ಅತ್ಯಂತ ಅಪಾಯಕಾರಿ ಎಂದು ವೈದ್ಯರು ಹೇಳುವುದು ಇದಕ್ಕೆ. ಮನೆಯವರಾದರೋ ಅವನು ಗುಣವಾಗಿ ಬಂದನೆಂದು ಆ ವಾರಗಳಲ್ಲೇ ನಿಶ್ಚಿಂತೆಯಿಂದ ಮಲಗುತ್ತಾರೆ.

ಮಗನಿಗೆ ಏನು ಹೇಳಬೇಕು ಎಂದೂ ನೀವು ಕೇಳಿದಂತಾಯಿತು. ಮುಚ್ಚಿಡಬೇಡಿ. ಕೇಂದ್ರದ ವೈದ್ಯರೇ ಅವನೆದುರು, ನಿಮ್ಮೆದುರು, ಇದು ಹೀಗೆ ಚಿಕಿತ್ಸೆ ಪಡೆದ ಎಲ್ಲರ ಮನೆಯಲ್ಲೂ ಇರಬೇಕಾದ ಔಷಧ ಎಂದು ಹೇಳಿದರೆ ಅದು ತಾಯಿಯ ಅಪನಂಬಿಕೆಯಾಗಿ ಕಾಣುವುದಿಲ್ಲ.

ಈಗ ಆ ಸಂದು. ನಮ್ಮ ನಿಯಮ, ಔಷಧ ಯಾರಿಗಾಗಿಯೋ ಅವರೇ ಅದನ್ನು ಕೇಳುತ್ತಾರೆ, ಅವರೇ ತೆಗೆದುಕೊಳ್ಳುತ್ತಾರೆ ಎಂಬ ಲೆಕ್ಕದ ಮೇಲೆ ನಿಂತಿದೆ. ನೂರರಲ್ಲಿ ತೊಂಬತ್ತೊಂಬತ್ತು ಔಷಧಗಳಿಗೆ ಆ ಲೆಕ್ಕ ಸರಿ. ನಲಾಕ್ಸೋನ್‌ಗೆ ಮಾತ್ರ ಅದು ತಿರುಗುಮುರುಗು: ಬೇಕಾಗುವ ಹೊತ್ತಿಗೆ ಆ ವ್ಯಕ್ತಿಗೆ ಪ್ರಜ್ಞೆಯೇ ಇರುವುದಿಲ್ಲ. ಅದನ್ನು ಕೊಡುವುದು ಯಾವಾಗಲೂ ಇನ್ನೊಬ್ಬರ ಕೈ. ತಾಯಿಯ, ಹೆಂಡತಿಯ, ಕೊಠಡಿಯ ಸಂಗಾತಿಯ ಕೈ. ಆ ಕೈಗೆ ಔಷಧ ತಲುಪಿಸಲು ನಮ್ಮ ನಿಯಮದಲ್ಲಿ ಜಾಗವಿಲ್ಲ. ಇದೇ ತೊಡಕನ್ನು ಬೇರೆ ದೇಶಗಳೂ ಎದುರಿಸಿ ಒಂದೊಂದು ದಾರಿ ಕಂಡುಕೊಂಡಿವೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2001ರಲ್ಲೇ ಕಾನೂನು ಬದಲಿಸಿತು. ಬ್ರಿಟನ್ನಿನಲ್ಲಿ 2015ರಿಂದ ವ್ಯಸನ ಚಿಕಿತ್ಸೆಯ ಕೇಂದ್ರಗಳು ಚೀಟಿಯಿಲ್ಲದೆ ಇದನ್ನು ಕೊಡಬಹುದು. ಆಸ್ಟ್ರೇಲಿಯ ಮತ್ತು ಕೆನಡ 2016ರಲ್ಲಿ ಚೀಟಿಯ ಕಟ್ಟನ್ನು ತೆಗೆದವು. ಮಿತಿಮೀರಿದ ಪ್ರಮಾಣವನ್ನು ಕಣ್ಣಾರೆ ಕಾಣುವ ಸಂಭವವಿರುವ ಯಾರಿಗೇ ಆದರೂ ನಲಾಕ್ಸೋನ್ ದೊರೆಯಬೇಕು, ಅದನ್ನು ಕೊಡುವುದನ್ನು ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿತು. ನಮ್ಮಲ್ಲಿ ಇದಕ್ಕೆ ಸಂಸತ್ತೇ ಕೂರಬೇಕಾಗಿಲ್ಲ. ಔಷಧ ತಾಂತ್ರಿಕ ಸಲಹಾ ಮಂಡಳಿಯ ಅಭಿಪ್ರಾಯ ಪಡೆದು ಕೇಂದ್ರ ಸರಕಾರವೇ ನಿಯಮಗಳನ್ನು ತಿದ್ದಬಹುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ 2.26 ಕೋಟಿ ಜನ ಅಫೀಮು ವರ್ಗದ ವಸ್ತುಗಳನ್ನು ಬಳಸುತ್ತಾರೆಂದು ಅಂದಾಜು ಮಾಡಿತ್ತು. ಅಷ್ಟು ಮನೆಗಳ ತಾಯಂದಿರು ನಿಮ್ಮ ಹಾಗೆ ಬೀದಿಯ ಡಾಕ್ಟರ ಎದುರು ನಿಂತು ಬರಿಗೈಯಲ್ಲಿ ಮರಳುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಸೇವೆಯಲ್ಲಿದ್ದಾಗ ಈ ನಿಯಮಗಳನ್ನು ಜಾರಿ ಮಾಡಿದವನಾಗಿ ಇದನ್ನು ಹೇಳುವ ಹೊಣೆ ನನಗಿದೆ ಎಂದು ಭಾವಿಸುತ್ತೇನೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಪಿಜಿಯಲ್ಲಿದ್ದೇನೆ. ಕಳೆದ ವರ್ಷ ಪಕ್ಕದ ಕೊಠಡಿಯ ಹುಡುಗನೊಬ್ಬ ಏನೋ ತೆಗೆದುಕೊಂಡು ಪ್ರಜ್ಞೆ ತಪ್ಪಿ ಬಿದ್ದಿದ್ದ. ಪೊಲೀಸರು ಬಂದರೆ ಎಲ್ಲರೂ ಸಿಕ್ಕಿಬೀಳುತ್ತೇವೆ ಎಂದು ಒಂದು ಗಂಟೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಅವನು ಬದುಕಿದ. ಆದರೆ ಆ ಒಂದು ಗಂಟೆ ನನ್ನ ತಲೆಯಿಂದ ಹೋಗಿಲ್ಲ. ಕಾನೂನು ಏನು ಹೇಳುತ್ತದೆ? ನಾವು ಔಷಧ ಕೊಟ್ಟು ಏನಾದರೂ ಆದರೆ ನಮ್ಮ ಮೇಲೆ ಬರುತ್ತದೆಯೇ? — ಕೆಂಗೇರಿಯ ಓದುಗರು

ಉತ್ತರ: ಆಂಬುಲೆನ್ಸ್ ಕರೆಯುವುದು ಯಾವ ಕಾನೂನಿನಲ್ಲಿಯೂ ಅಪರಾಧವಲ್ಲ. ಪಕ್ಕದ ಕೊಠಡಿಯವನು ಮಾದಕ ವಸ್ತು ಸೇವಿಸಿದ ಮಾತ್ರಕ್ಕೆ ನೀವು ಅಪರಾಧಿಯಾಗುವುದಿಲ್ಲ. ನಿಮ್ಮ ಭಯ ಮಾತ್ರ ಸುಳ್ಳಲ್ಲ, ಅದನ್ನು ಸುಳ್ಳೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಆಸ್ಪತ್ರೆಯವರು ಇಂಥ ಪ್ರಕರಣವನ್ನು ಸಾಮಾನ್ಯವಾಗಿ ವೈದ್ಯ-ಕಾನೂನು ಪ್ರಕರಣವೆಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಮಾದಕ ವಸ್ತುಗಳ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಸೇವನೆಯೂ ಶಿಕ್ಷಾರ್ಹ. ಹೆರಾಯಿನ್, ಮಾರ್ಫಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೊತ್ತಿದ್ದೂ ಜಾಗ ಕೊಟ್ಟವರನ್ನು 25ನೆಯ ಸೆಕ್ಷನ್ ಹಿಡಿಯುತ್ತದೆ, ಪಿಜಿ ಮಾಲೀಕರು ಹೆದರುವುದು ಇದಕ್ಕೆ. ಓವರ್‌ಡೋಸ್ ಆದವರಿಗಾಗಿ ಸಹಾಯ ಕೇಳಿದವರ ಮೇಲೆ ಮೊಕದ್ದಮೆ ಹೂಡಬಾರದೆಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನಿದೆ, ನಮ್ಮಲ್ಲಿ ಅಂಥದ್ದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್, ನೆರವಾಗುವ ಸಜ್ಜನರಿಗೆ ಕೊಡುವ ರಕ್ಷಣೆ ರಸ್ತೆ ಅಪಘಾತಕ್ಕೆ ಮಾತ್ರ.

ಆದರೂ ನಿಮ್ಮ ಪರವಾಗಿ ಇರುವ ಎರಡು ಮಾತುಗಳನ್ನು ತಿಳಿದುಕೊಳ್ಳಿ. ಚಟಕ್ಕೆ ಬಿದ್ದವನು ಸೇವನೆಯ ಆರೋಪ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿದ್ದು, ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಕಡೆ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ, ಅದೇ ಕಾಯ್ದೆಯ 64ಎ ಸೆಕ್ಷನ್ ಅವನನ್ನು ವಿಚಾರಣೆಯಿಂದ ಬಿಡಿಸುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಿಯಾಯಿತಿ ಹೋಗಬಹುದು. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 30ನೆಯ ಸೆಕ್ಷನ್. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ವ್ಯಕ್ತಿಗೆ, ಅವನ ಪರವಾಗಿ ಒಪ್ಪುವವರೂ ಆ ಹೊತ್ತಿಗೆ ಸಿಗದಿದ್ದಾಗ, ಅವನ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸದಿಂದ ಹಾನಿಯಾದರೂ ಅದು ಅಪರಾಧವಲ್ಲ ಎನ್ನುತ್ತದೆ ಅದು. ಹಳೆಯ ದಂಡ ಸಂಹಿತೆಯಲ್ಲಿ ಇದು 92ನೆಯ ಸೆಕ್ಷನ್ ಆಗಿತ್ತು. ಅಫೀಮು ವರ್ಗದ ಯಾವುದನ್ನೂ ತೆಗೆದುಕೊಳ್ಳದ ವ್ಯಕ್ತಿಗೆ ನಲಾಕ್ಸೋನ್ ಕೊಟ್ಟರೂ ಅದು ಹಾನಿ ಮಾಡುವುದಿಲ್ಲ ಎಂಬುದೂ ನಿಮಗೆ ಧೈರ್ಯ ಕೊಡಲಿ. ಆಸ್ಪತ್ರೆಯವರು ಮೊದಲು ಪೊಲೀಸರು ಬರಲಿ, ಮುಂಗಡ ಕಟ್ಟಿ ಎನ್ನುವಂತೆಯೂ ಇಲ್ಲ. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರಿಗೂ ಹೇಳಿದೆ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೂ ಈ ಹೊಣೆಯಿದೆ.

ಇನ್ನು ಆ ಒಂದು ಗಂಟೆಯಲ್ಲಿ ಏನು ಮಾಡಬೇಕಿತ್ತು ಎಂಬುದು. ಕೂಗಿದರೂ ಎದೆಯ ಮೂಳೆಯನ್ನು ಗೆಣ್ಣಿನಿಂದ ಬಲವಾಗಿ ಉಜ್ಜಿದರೂ ಏಳದಿರುವುದು, ಉಸಿರು ತೀರ ನಿಧಾನವಾಗಿರುವುದು ಅಥವಾ ಗಂಟಲಲ್ಲಿ ಗೊರಗೊರ ಎನ್ನುವುದು, ತುಟಿ ಉಗುರು ನೀಲಿಗಟ್ಟುವುದು, ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟು ಕಿರಿದಾಗುವುದು ಅಫೀಮು ವರ್ಗದ ಓವರ್‌ಡೋಸಿನ ಗುರುತುಗಳು. ಗೊರಕೆ ಹೊಡೆಯುತ್ತಿದ್ದಾನೆ, ಮಲಗಿ ಇಳಿಸಿಕೊಳ್ಳಲಿ ಎಂದು ಬಿಟ್ಟವರೇ ಎಷ್ಟೋ ಸಲ ಬೆಳಗ್ಗೆ ಹೆಣ ಕಾಣುತ್ತಾರೆ. 108ಕ್ಕೆ ಕರೆ ಮಾಡಿ, ಉಸಿರಾಡುತ್ತಿಲ್ಲ ಎಂಬ ಮಾತನ್ನು ಮೊದಲು ಹೇಳಿ. ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ನಾಡಿ ಇಲ್ಲವೆನಿಸಿದರೆ ಎದೆ ಒತ್ತಿ. ನಲಾಕ್ಸೋನ್ ಇದ್ದು ಕೊಡಲು ಕಲಿತಿದ್ದರೆ ತೊಡೆಯ ಅಥವಾ ತೋಳಿನ ಸ್ನಾಯುವಿಗೆ 0.4 ಮಿಲಿಗ್ರಾಂ ಕೊಟ್ಟು, ಎರಡು ಮೂರು ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಇನ್ನೊಂದು ಕೊಡಬೇಕು. ತಾನಾಗಿ ಉಸಿರಾಡತೊಡಗಿದ ಮೇಲೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ವಾಂತಿ ಗಂಟಲಿಗೆ ಇಳಿಯದಿರಲಿ. ಎಚ್ಚರವಾದವನು ನಡುಗುತ್ತ, ಸಿಟ್ಟಾಗಿ, ಎದ್ದು ಹೊರಟುಹೋಗಲು ನೋಡಬಹುದು. ಔಷಧದ ಪ್ರಭಾವ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದಾದ್ದರಿಂದ ಅವನನ್ನು ಒಂಟಿಯಾಗಿ ಬಿಡಬೇಡಿ. ಮದ್ಯ ಮತ್ತು ನಿದ್ದೆ ಮಾತ್ರೆಗಳ ಮೇಲೆ ನಲಾಕ್ಸೋನ್ ಕೆಲಸ ಮಾಡುವುದಿಲ್ಲ. ಎಲ್ಲ ಬೆರೆತಿದ್ದರೂ ಕೊಡಿ, ಆದರೆ ಅದೊಂದನ್ನೇ ನಂಬಬೇಡಿ. ಬರಿಗೈಯಲ್ಲಿದ್ದವರೂ ಬಾಯಿಂದ ಉಸಿರು ಕೊಟ್ಟು ಆಂಬುಲೆನ್ಸ್ ಬರುವವರೆಗೆ ಜೀವ ಹಿಡಿದಿಡಬಹುದು. ನಿಮ್ಮ ತಲೆಯಲ್ಲಿ ಉಳಿದಿರುವ ಆ ಗಂಟೆಯ ಭಾರ ಇಳಿಯಬೇಕಾದರೆ ಪ್ರಥಮ ಚಿಕಿತ್ಸೆಯ ತರಬೇತಿಯೊಂದನ್ನು ನಿಮ್ಮ ಪಿಜಿಯ ನಾಲ್ವರು ಸೇರಿ ಪಡೆಯಿರಿ.

ಪ್ರಶ್ನೆ: ನಿವೃತ್ತ ಶಿಕ್ಷಕನಾಗಿ ಕೇಳುತ್ತಿದ್ದೇನೆ. ಬದುಕಿಸುವ ಔಷಧ ಕೈಯಲ್ಲೇ ಇದೆ ಎಂದಾದರೆ ಹುಡುಗರಿಗೆ ಇದ್ದ ಭಯವೂ ಹೋಗಿ ಚಟ ಹೆಚ್ಚಾಗುವುದಿಲ್ಲವೇ? — ಬಸವನಗುಡಿಯ ಓದುಗರು

ಉತ್ತರ: ಮೇಷ್ಟ್ರೇ, ತಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಚಟಕ್ಕೆ ಬಿದ್ದವನಿಗೆ ನಲಾಕ್ಸೋನ್ ಸುಖದ ಅನುಭವವಲ್ಲ. ಅಮಲು ಒಮ್ಮೆಲೇ ಹರಿದು, ಮೈಕೈ ನೋವು, ವಾಂತಿ, ನಡುಕ ಹಿಡಿಯುತ್ತದೆ. ಅದನ್ನು ನಂಬಿ ಯಾರೂ ಹೆಚ್ಚು ಸೇವಿಸುವುದಿಲ್ಲ. ಸಾವಿನ ಭಯ ಚಟ ಬಿಡಿಸುವಂತಿದ್ದರೆ ಇಷ್ಟು ಹುಡುಗರು ಸಾಯುತ್ತಿರಲಿಲ್ಲ. ಸತ್ತವನಿಗೆ ಚಿಕಿತ್ಸೆ ಕೊಡಲಾಗದು, ಬದುಕಿದವನನ್ನು ನಾಳೆ ಬೆಳಗ್ಗೆ ವೈದ್ಯರ ಬಳಿ ಕರೆದೊಯ್ಯಬಹುದು.

ಪ್ರಶ್ನೆ: ಬ್ಯುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಮಾತ್ರೆ ನಮ್ಮಣ್ಣನಿಗೆ ಬರೆದುಕೊಟ್ಟಿದ್ದಾರೆ. ತುರ್ತಿನಲ್ಲಿ ಅದನ್ನೇ ಕೊಡಬಹುದೇ? — ಪೀಣ್ಯದ ಓದುಗರು

ಉತ್ತರ: ಖಂಡಿತ ಬೇಡ. ಅದು ನಾಲಿಗೆಯಡಿ ಇಟ್ಟು ಕರಗಿಸುವ, ಚಟದ ಚಿಕಿತ್ಸೆಯ ಮಾತ್ರೆ. ಅದರಲ್ಲಿರುವ ಬ್ಯುಪ್ರೆನಾರ್ಫಿನ್ ಸ್ವತಃ ಅಫೀಮು ವರ್ಗಕ್ಕೆ ಸೇರಿದ್ದು. ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳದಿರಲಿ ಎಂದಷ್ಟೇ ಅದರೊಳಗೆ ನಲಾಕ್ಸೋನ್ ಸೇರಿಸಿದ್ದಾರೆ, ನಾಲಿಗೆಯಡಿ ಇಟ್ಟಾಗ ಅದು ಹೆಚ್ಚು ರಕ್ತಕ್ಕೆ ಸೇರುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ತುರ್ತಿಗೆ ಬೇಕಾದ ನಲಾಕ್ಸೋನನ್ನು ಅದೇ ವೈದ್ಯರಿಂದ ಬೇರೆಯಾಗಿ ಬರೆಸಿಕೊಳ್ಳಿ.

ಪ್ರಶ್ನೆ: ಔಷಧ ಅಂಗಡಿ ನಡೆಸುತ್ತೇನೆ. ನಲಾಕ್ಸೋನ್ ಇಡಲು ಬೇರೆ ಪರವಾನಗಿ ಬೇಕೇ? ರಿಜಿಸ್ಟರ್ ಬರೆಯಬೇಕೇ? — ವಿಜಯನಗರದ ಓದುಗರು

ಉತ್ತರ: ಬೇಡ. ನೀವು ಚೀಟಿಯ ಮೇಲೆ ಔಷಧ ಮಾರಲು ಪಡೆದಿರುವ ಚಿಲ್ಲರೆ ಪರವಾನಗಿಯೇ ಸಾಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ 'ಎಚ್1' ಅನುಸೂಚಿಯ ಔಷಧಗಳಿಗೆ, ಅಂದರೆ ಟ್ರಮಡಾಲ್, ಕೊಡೀನ್‌ನಂಥವಕ್ಕೆ, ಬರೆದಿಡುವ ಪ್ರತ್ಯೇಕ ರಿಜಿಸ್ಟರ್ ಇದಕ್ಕಿಲ್ಲ. ಮಾದಕ ಔಷಧಗಳ ಬೀಗದ ಕಪಾಟೂ ಬೇಕಾಗಿಲ್ಲ. ಬೆಳಕು ತಾಗದಂತೆ ಪೆಟ್ಟಿಗೆಯಲ್ಲೇ ಇಡಿ, ಫ್ರಿಜ್ ಬೇಡ, ಅವಧಿ ಮುಗಿಯುವ ದಿನಾಂಕವನ್ನು ನೋಡುತ್ತಿರಿ. ನಿಮ್ಮ ಅಂಗಡಿಗೆ ಮಾರ್ಫಿನ್‌ ಅಥವಾ ಫೆಂಟನಿಲ್ ಚೀಟಿ ಹಿಡಿದು ಬರುವ ಮನೆಯವರಿದ್ದರೆ, ನಲಾಕ್ಸೋನ್ ಬಗ್ಗೆ ವೈದ್ಯರನ್ನು ಕೇಳಿದ್ದೀರಾ ಎಂದು ಅವರಿಗೆ ಒಂದು ಮಾತು ಹೇಳಿ. ಎರಡು ಆಂಪೂಲು, ಸೂಜಿ ಸಹಿತ ಎರಡು ಸಿರಿಂಜು, ಇಷ್ಟನ್ನು ಒಟ್ಟಿಗೆ ಕಟ್ಟಿ ಕೊಡಿ. ಔಷಧ ಇದ್ದೂ ಸಿರಿಂಜು ಹುಡುಕುತ್ತ ಮನೆಯವರು ನಿಮಿಷಗಳನ್ನು ಕಳೆದ ಸಂಗತಿಯನ್ನು ಇದನ್ನು ತಿದ್ದಿಕೊಟ್ಟ ವೈದ್ಯ ಮಿತ್ರರು ನನಗೆ ಹೇಳಿದ್ದರು.